ಕೋಳಿ ಮುಟ್ಟದ ಪುಡಿ

ಕಂಪ್ಲಿ ಹತ್ತಿರದ ಕೋಳಿ ಫೀಡ್ ಮಿಲ್ಲೊಂದರಲ್ಲಿ ನಾನು ನಾಲ್ಕು ವರ್ಷ ಲ್ಯಾಬ್ ನೋಡಿಕೊಂಡೆ. ಲ್ಯಾಬ್ ಅಂದರೆ ತೌಡಿನ ಗೋದಾಮಿನ ಮೂಲೆಯ ಕೋಣೆ. ಮಾಲೀಕರು ಮೊದಲು ಅಕ್ಕಿ ಗಿರಣಿ ನಡೆಸಿದವರು. ಫೀಡಿನ ಬಗ್ಗೆ ಅವರಿಗೆ ಗೊತ್ತಿದ್ದದ್ದು ಒಂದೇ: ಚೀಲದ ಮೇಲೆ ಪ್ರೋಟೀನಿನ ಅಂಕಿ ದಪ್ಪಗಿದ್ದರೆ ಚೀಲ ಖರ್ಚಾಗುತ್ತದೆ.

ಒಂದು ದಿನ ಹೊಸಪೇಟೆಯಿಂದ ಏಜೆಂಟನೊಬ್ಬ ಬಂದು ಕಂದು ಪುಡಿಯ ಪೊಟ್ಟಣ ಮೇಜಿನ ಮೇಲಿಟ್ಟ. ಗ್ಯಾಸ್ ಉಣಿಸಿ ಬೆಳೆಸಿದ ಬ್ಯಾಕ್ಟೀರಿಯಾವನ್ನು ಒಣಗಿಸಿ ಮಾಡಿದ್ದಂತೆ. "ಸೋಯಾ ಹಿಂಡಿ ಬ್ಯಾಡ, ಮೀನಿನ ಪುಡಿ ಬ್ಯಾಡ, ಇದೊಂದು ಸಾಕ್ರಿ" ಅಂದ. ಕೋಳಿಗೆ ಹಾಕಿ ನೋಡಿದ್ದೀರಾ ಎಂದು ಕೇಳಿದೆ. ನಕ್ಕು ಮಾಲೀಕರ ಕಡೆ ತಿರುಗಿದ. ಅಂಥ ನಗೆ ನಗುವವರಿಗೆ ಉತ್ತರ ಗೊತ್ತಿರುವುದಿಲ್ಲ.

ಪರೀಕ್ಷೆ ಮಾಡಿದೆ. ಅಂಕಿ ದೊಡ್ಡದೇ ಬಂತು. ಆದರೆ ನಮ್ಮ ಪರೀಕ್ಷೆ ಅಳೆಯುವುದು ಸಾರಜನಕವನ್ನು; ಪ್ರೋಟೀನನ್ನು ಅದರಿಂದ ಲೆಕ್ಕ ಹಾಕುತ್ತೇವೆ. ಬ್ಯಾಕ್ಟೀರಿಯಾದಲ್ಲಿರುವ ಸಾರಜನಕವೆಲ್ಲ ಪ್ರೋಟೀನಲ್ಲ. ಅದರಲ್ಲೊಂದು ಪಾಲು ತತ್ತಿ ಕಟ್ಟುವ ಕೆಲಸಕ್ಕೆ ಬರುವುದಿಲ್ಲ. ಮಾಲೀಕರಿಗೆ ಹೇಳಿದೆ.

"ಅಂಕಿ ಬಂತಲ್ಲ?"

"ಬಂತ್ರಿ, ಆದ್ರ ಮೊದಲು ಸ್ವಲ್ಪ ಕೋಳಿಗೆ ಹಾಕಿ ನೋಡೋಣ್ರಿ."

"ಕೋಳಿ ಏನು ಕೆಮಿಸ್ಟ್ರಿ ಓದೈತೇನವಾ? ರಿಪೋರ್ಟಿಗೆ ಸಹಿ ಹಾಕು."

ಹಾಕಿದೆ. ಅವರನ್ನು ಮನಸ್ಸಿನಲ್ಲೇ ಮೂರ್ಖ ಎಂದುಕೊಳ್ಳುತ್ತಲೇ ಹಾಕಿದೆ. ಅದನ್ನು ನೆನೆದರೆ ಯಾರ ಮೇಲೆ ಹೆಚ್ಚು ಅಸಹ್ಯ ಎಂದು ಇವತ್ತಿಗೂ ಹೇಳಲಾರೆ.

ಮೂರು ವಾರದ ಮೇಲೆ ಮೆಟ್ರಿ ಊರಿನ ಹೆಂಗಸೊಬ್ಬರು ಟಂಟಂ ಆಟೊದಲ್ಲಿ ಆ ಪುಡಿ ಹಾಕಿದ ನಮ್ಮ ಫೀಡಿನ ಚೀಲಗಳನ್ನು ಹೇರಿಕೊಂಡು ಬಂದರು. ಗಂಡ ತೀರಿದ ಮೇಲೆ ಒಬ್ಬರೇ ತತ್ತಿ ಕೋಳಿ ಸಾಕುತ್ತಿದ್ದವರು.

"ಬಾಯಿ ಹಾಕವಲ್ವು. ತತ್ತಿ ಅರ್ಧಕ್ಕ ಇಳದಾವು" ಅಂದರು.

"ಬಿಸಲು ಭಾಳ ಐತಲ್ರಿ. ರೂಢಿ ಆಗಬೇಕು" ಅಂದರು ಮಾಲೀಕರು, ಫೋನಿನಿಂದ ಕಣ್ಣೆತ್ತದೆ.

ಆಕೆ ಚೀಲ ಬಿಚ್ಚಿ ಒಂದು ಹಿಡಿ ತೆಗೆದು ಅವರ ಮೂಗಿನ ಹತ್ತಿರ ಹಿಡಿದರು. ಮಾಲೀಕರು ಮುಖ ತಿರುಗಿಸಿದರು. ಆಕೆ ನನ್ನ ಕಡೆ ನೋಡಿ, "ತಂಗಿ, ನಿಂಗ ಗೊತ್ತಿತ್ತೇನು?" ಅಂದರು.

"ಗೊತ್ತಿತ್ರಿ ಅಕ್ಕಾ." ಹಿಂಡಿ, ಮೀನಿನ ಪುಡಿ ಎರಡನ್ನೂ ತೆಗೆದು ಅವುಗಳ ಬದಲು ಬ್ಯಾಕ್ಟೀರಿಯಾದ ಪುಡಿಯೊಂದನ್ನೇ ತುಂಬಿದ್ದನ್ನು ಅಲ್ಲಿದ್ದ ಗಿರಾಕಿಗಳ ಮುಂದೆಯೇ ಹೇಳಿಬಿಟ್ಟೆ. ಅವರೆಲ್ಲ ತಿರುಗಿ ನೋಡಿದ ಮೇಲೆಯೇ ಮಾಲೀಕರು ಚೀಲ ವಾಪಸ್ ತಗೊಂಡದ್ದು. ಆಕೆ ನನ್ನ ಕಡೆ ತಿರುಗಿ ನೋಡದೆ ಖಾಲಿ ಟಂಟಂ ಹತ್ತಿ ಹೋದರು.

ಆಮೇಲೆ ಗೋದಾಮಿನ ಹಿಂದೆ ಹತ್ತು ಕೋಳಿ ಇಟ್ಟು, ಹಿಂಡಿಯ ಜೊತೆ ಆ ಪುಡಿಯನ್ನು ಸ್ವಲ್ಪವೇ ಬೆರೆಸಿ ಹಾಕಿದೆ. ಚೆನ್ನಾಗಿ ತಿಂದವು, ಎಂದಿನಂತೆ ತತ್ತಿ ಇಟ್ಟವು. ಪುಡಿ ಕೆಟ್ಟದ್ದಾಗಿರಲಿಲ್ಲ. ಹಿತಮಿತವಾಗಿ ಹಾಕಿದರೆ ಒಳ್ಳೆಯ ಆಹಾರವೇ.

ಆ ಲೆಕ್ಕದಲ್ಲೇ ಹೊಸ ಫೀಡ್ ಮಾಡಿಸಿದ ಮಾಲೀಕರು ಅದಕ್ಕೆ 'ನಮ್ಮ ಸ್ವಂತ ಸಂಶೋಧನೆ' ಎಂದು ಬೋರ್ಡ್ ಹಾಕಿಸಿದರು. ಅದೇ ವರ್ಷ ನಾನು ಕೆಲಸ ಬಿಟ್ಟೆ. ಹೊರಡುವ ದಿನ ಮಾಲೀಕರು ನನಗೆ ಶಾಲು ಹೊದಿಸಿ, ವಿಜ್ಞಾನದ ಮಹತ್ವದ ಮೇಲೆ ಹತ್ತು ನಿಮಿಷ ಭಾಷಣ ಮಾಡಿದರು. ಶಾಲನ್ನು ಅಲ್ಲೇ ಕುರ್ಚಿಯ ಮೇಲೆ ಬಿಟ್ಟು ಬಸ್ಸು ಹತ್ತಿದೆ.