ಹೊಟ್ಟೆಕಿಚ್ಚಿನ ನೆರಳು

ನಮ್ಮ ಸೋದರಮಾವ ಸೈಕಲ್ ರಿಪೇರಿಯವನು, ಆದರೆ ಓಡಾಡುವುದು ಸ್ಕೂಟರಿನಲ್ಲಿ. ಇದನ್ನು ಯಾರಾದರೂ ಎತ್ತಿ ಆಡಿದರೆ ಅವನಿಗೆ ಕಿವಿ ಕೇಳಿಸುವುದಿಲ್ಲ.

ಅವನ ಅಂಗಡಿಯೆಂದರೆ ನಮ್ಮ ಕಚೇರಿಯ ಎದುರಿನ ಮರ. ಕೊಂಬೆಯಲ್ಲಿ ಟೈರು, ಬುಡದಲ್ಲಿ ಪಂಕ್ಚರ್ ನೋಡುವ ನೀರಿನ ಬೋಗುಣಿ, ಬೇರಿನ ಮೇಲೆ ಮಾವ. ನಾನು ಟೈಪು ಮಾಡುವ ಮೇಜು ಕಿಟಕಿಯ ಪಕ್ಕದಲ್ಲೇ ಇರುವುದರಿಂದ ಅವನ ಬಂಡವಾಳವೆಲ್ಲ ನನಗೆ ಗೊತ್ತು.

ಆ ವರ್ಷ ಬಿಸಿಲು ವಿಪರೀತವಾಯಿತು. ಬಿಸಿಲು ಏರಿದಂತೆ ಕಚೇರಿಯವರೆಲ್ಲ ಕಾರು ತರತೊಡಗಿದರು, ಕಾರಿನೊಳಗೆ ತಂಪಲ್ಲವೇ. ನಿಲ್ಲಿಸಲು ಜಾಗ ಸಾಲದಾಯಿತು. ಮರ ಕಡಿಸಿದರೆ ಸರಿಹೋಗುತ್ತದೆ ಎಂದರು ಮ್ಯಾನೇಜರು. ಬಿಸಿಲಿಗೆ ಹೆದರಿ ನೆರಳನ್ನೇ ಕಡಿಯುವ ಬುದ್ಧಿ ನಮ್ಮ ಕಚೇರಿಗಲ್ಲದೆ ಇನ್ಯಾರಿಗೆ ಬರಬೇಕು? ಮಾವ ಕೈಕಾಲು ಹಿಡಿದ ಮೇಲೆ, ತಿಂಗಳ ಕೊನೆಗೆ ಬಂದು ನೋಡುತ್ತೇನೆ, ಅಷ್ಟರಲ್ಲಿ ಕಾರು ಕಡಿಮೆಯಾಗಿದ್ದರೆ ಮರ ಇರಲಿ ಎಂದರು.

ಮಾವ ಮೊದಲು ಒಳ್ಳೆಯ ಮಾತಿನಲ್ಲಿ ಹೇಳಿ ನೋಡಿದ. ‘ಭೂಮಿ ಕಾಯುತ್ತಿದೆ, ಸೈಕಲ್ ತುಳಿಯಿರಿ’ ಎಂದು ಹಲಗೆಯಲ್ಲಿ ಬರೆದು ಕೊಂಬೆಗೆ ಕಟ್ಟಿದ. ಲೆಕ್ಕದ ವಿಭಾಗದ ಸಾಹೇಬರು ಕಾರಿನ ಗಾಜು ಇಳಿಸಿ ಓದಿದರು.

“ಯಾರಿಗೆ ಕಾಯ್ತಿದೆಯಪ್ಪಾ?”

ಮಾವ ಹಲಗೆಯ ಗಂಟನ್ನು ಇನ್ನಷ್ಟು ಬಿಗಿದ. ಮಿಕ್ಕವರು ಪಾಪ ಭೂಮಿ ಎಂದು ಲೊಚಗುಟ್ಟಿ ಕಾರು ಹತ್ತಿದರು. ನನಗಂತೂ ಮೈಯೆಲ್ಲ ಉರಿದುಹೋಯಿತು.

ಮಾವ ಹಲಗೆ ಬಿಚ್ಚಲಿಲ್ಲ, ದಾರಿ ಬದಲಿಸಿದ. ಲೆಕ್ಕದ ಸಾಹೇಬರಿಗೂ ಉಗ್ರಾಣದ ಸಾಹೇಬರಿಗೂ ಎಣ್ಣೆ ಸೀಗೇಕಾಯಿ. ಮಾವ ಲೆಕ್ಕದವರ ಕಿವಿಯ ಬಳಿ ಬಗ್ಗಿ, ಯಾರಿಗೂ ಹೇಳಬೇಡಿ, ಉಗ್ರಾಣದವರು ಗುಟ್ಟಾಗಿ ಸೈಕಲ್ ಕೊಂಡಿದ್ದಾರೆ, ಹೊಟ್ಟೆ ಕರಗಿ ಹುಡುಗನ ಹಾಗೆ ಆಗಿದ್ದಾರೆ ಎಂದ. ಉಗ್ರಾಣದವರ ಕಿವಿಯಲ್ಲಿ ಅದೇ ಮಾತು, ಹೆಸರು ಮಾತ್ರ ಅದಲುಬದಲು. ಇಬ್ಬರೂ ಒಂದೇ ಬೆಳಿಗ್ಗೆ ಹೊಸ ಸೈಕಲ್ಲಿನಲ್ಲಿ ಏದುಸಿರು ಬಿಡುತ್ತ ಬಂದು ಗೇಟಿನಲ್ಲಿ ಮುಖಾಮುಖಿಯಾದರು. ಭೂಮಿಯ ಬಿಸಿಗೆ ಜಗ್ಗದ ಜನ ಹೊಟ್ಟೆಯ ಕಿಚ್ಚಿಗೆ ಎದ್ದು ಓಡಿದ್ದರು. ಆಮೇಲೆ ಇಡೀ ಕಚೇರಿಗೇ ಅದು ಹತ್ತಿಕೊಂಡಿತು. ನಾನೂ ಒಂದು ಸೈಕಲ್ ಕೊಂಡೆ. ಯಾರ ಮೇಲಿನ ಹೊಟ್ಟೆಕಿಚ್ಚಿಗೆ ಎಂದು ಕೇಳಬೇಡಿ.

ತಿಂಗಳ ಕೊನೆಗೆ ಮ್ಯಾನೇಜರು ಬಂದರು, ಅವರೂ ಸೈಕಲ್ಲಿನಲ್ಲೇ. ಒಂದೂ ಕಾರಿಲ್ಲ. ನೆರಳಿನಲ್ಲಿ ಸೈಕಲ್ಲುಗಳ ಸಾಲು, ನಡುವೆ ಬುಡಕ್ಕೊರಗಿ ಎಣ್ಣೆ ಸೋರುತ್ತಿರುವ ಒಂದು ಸ್ಕೂಟರು.

ಇದು ಯಾರದು ಎಂದು ಕೇಳಿದರು. ಇದೊಂದನ್ನು ಬಿಟ್ಟರೆ ನಾಳೆ ಇದನ್ನೇ ತೋರಿಸಿ ಎಲ್ಲರೂ ಕಾರು ತರುತ್ತಾರೆ, ಆಮೇಲೆ ಮರ ಕಡಿಸುವುದೇ ಎಂದರು. ಮಾವ ಬೋಗುಣಿಯಲ್ಲಿ ಟ್ಯೂಬು ಮುಳುಗಿಸಿ, ಇಲ್ಲದ ತೂತನ್ನು ಬಹಳ ಶ್ರದ್ಧೆಯಿಂದ ಹುಡುಕುತ್ತಿದ್ದ. ಊಟದ ಡಬ್ಬಿ ತಂದಿದ್ದ ಅತ್ತೆ ಹಲಗೆಯ ಕಡೆ ಕೈ ತೋರಿಸಿದಳು.

“ಭೂಮಿ ಯಾರಿಗೆ ಕಾಯ್ತಿದೆ ಅಂತ ಲೆಕ್ಕದ ಸಾಹೇಬ್ರು ಅವತ್ತು ಕೇಳಿದ್ರಂತಲ್ಲ. ಇವ್ರಿಗೇ ನೋಡಿ.”

ಎಲ್ಲರೂ ಗೊಳ್ಳೆಂದು ನಕ್ಕರು. ಮಾವ ಮಂಡಿನೋವಿನಿಂದ ಹಿಡಿದು ಸಾಮಾನಿನ ಭಾರದವರೆಗೆ ನೆಪ ತೆಗೆದ. ಅತ್ತೆ ಅವನ ಕಿವಿಯ ಬಳಿ ಬಗ್ಗಿದಳು.

“ರೀ, ಯಾರಿಗೂ ಹೇಳ್ಬೇಡಿ. ಪಕ್ಕದ್ಮನೆ ಬೀಗದವ್ನು ಸೈಕಲ್ ತಗೊಂಡಿದಾನಂತೆ.”

ಬೀಗ ರಿಪೇರಿ ಮಾಡುವ ಆ ಮನುಷ್ಯನನ್ನು ಕಂಡರೆ ಮಾವನಿಗೆ ಮೊದಲಿಂದಲೂ ಆಗದು. ನನ್ನ ವಿದ್ಯೆ ನನಗೇ ತಿರುಗಿಸುತ್ತೀಯಾ ಎಂದು ಜೋರಾಗಿ ನಕ್ಕ. ಆದರೆ ಊಟ ಸೇರಲಿಲ್ಲ, ಡಬ್ಬಿ ಹಾಗೇ ಮನೆಗೆ ಹೋಯಿತು.

ಮರುದಿನ ಬೆಳಿಗ್ಗೆ ಮಾವ ಸೈಕಲ್ ಹತ್ತಿ ಮನೆಯ ಗೇಟು ದಾಟಿದ. ಪಕ್ಕದ ಮನೆಯ ಮುಂದೆ ಬೀಗದವನು ಸ್ಕೂಟರನ್ನು ಒದೆಯುತ್ತಿದ್ದ. ಟೋಪಿ ಬಿದ್ದದ್ದು ಮಾವನಿಗೆ ಅರ್ಥವಾಯಿತು. ಅತ್ತೆಯನ್ನು ಬಯ್ಯಲು ಬಾಯಿ ತೆರೆದವನು, ಸೈಕಲ್ ನೋಡಿ ಬೀಗದವನ ಮುಖ ಹುಳ್ಳಗಾದದ್ದು ಕಂಡು ಬೆಲ್ಲು ಬಾರಿಸಿಕೊಂಡು ಹೊರಟುಬಿಟ್ಟ. “ಹೊಟ್ಟೆ ತಣ್ಣಗಾಯ್ತು ಕಣೇ” ಎಂದು ಕಿಟಕಿಯ ಹತ್ತಿರ ಬಂದು ನನಗೆ ಹೇಳಿದ. ಮ್ಯಾನೇಜರು ಮರದ ಮಾತನ್ನು ಕೈಬಿಟ್ಟರು. ನನಗೆ ಕುಣಿಯುವಷ್ಟು ಸಂತೋಷವಾಯಿತು.

ಸಂಜೆ ಬೀಗದವನು ಮರದ ಕೆಳಗೆ ಬಂದು ನಿಂತ. ತನಗೊಂದು ಸೈಕಲ್ ಬೇಕು, ಮಾವನದಕ್ಕಿಂತ ಒಂದಿಂಚು ಎತ್ತರದ್ದು ಎಂದ. ಮಾವನ ಹೊಟ್ಟೆ ಮತ್ತೆ ಉರಿಯತೊಡಗಿತು. ಇವರಿಬ್ಬರ ಹೊಟ್ಟೆ ಉರಿಯುತ್ತಿರುವವರೆಗೆ ಮರಕ್ಕೇನೂ ಭಯವಿಲ್ಲ.