ಕಜ್ಜಾಯ ಕೆಟ್ಟ ಹಬ್ಬ

ಹೋದ ವಾರ ಒಬ್ಬರು ತಂದ ಕ್ಯಾನಿನ ಮುಚ್ಚಳ ತೆಗೆದೆ. ತಳದಲ್ಲೆಲ್ಲೋ ಸೀಮೆಎಣ್ಣೆಯ ವಾಸನೆ ಉಳಿದಿತ್ತು. ಸಂಜಯನಗರದ ನಮ್ಮ ಅಂಗಡಿಯಲ್ಲಿ ಕವರ್ ಕೊಡುವುದಿಲ್ಲ. ಅಕ್ಕಿ, ಬೇಳೆ, ಎಣ್ಣೆ ಏನು ಬೇಕಾದರೂ ಗಿರಾಕಿಗಳೇ ಡಬ್ಬ ತರಬೇಕು. ಖಾಲಿ ಡಬ್ಬವನ್ನು ಮೂಸಿ, ತೂಗಿ, ತುಂಬಿಕೊಡುವುದು ನನ್ನ ಕೆಲಸ. "ಇದ್ರಲ್ಲಿ ಎಣ್ಣೆ ಹಾಕೋಕಾಗಲ್ಲ ಮೇಡಂ" ಎಂದು ಕ್ಯಾನು ಹಿಂದಿರುಗಿಸಿದೆ.

ಹೆಬ್ಬಾಳದಾಚೆಯ ಸಿಂಗಾಪುರ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ನಮ್ಮದೊಂದು ಹೆಂಚಿನ ಮನೆಯಿತ್ತು. ಅಪ್ಪ, ಅಜ್ಜಿ, ನಾನು, ತಮ್ಮ ಮಂಜ. ಅಮ್ಮ ಮಂಜನನ್ನು ಹೆತ್ತು ತೀರಿಕೊಂಡಿದ್ದಳು. ಅಡುಗೆಮನೆಯ ಮೂಲೆಯಲ್ಲಿ ಎಣ್ಣೆಗೊಂದು ಹಿತ್ತಾಳೆ ಪಾತ್ರೆ, ಸೀಮೆಎಣ್ಣೆಗೊಂದು ನೀಲಿ ಕ್ಯಾನು ಇರುತ್ತಿದ್ದವು. ನಿಮ್ಮ ಮನೆಯಲ್ಲೂ ಹೀಗೇ ಇದ್ದಿರಬೇಕು. ಆ ದೀಪಾವಳಿಗೆ ಅಜ್ಜಿ ಕಜ್ಜಾಯದ ಪಾಕ ಹಿಡಿದು, ಕಡಲೆಕಾಯಿ ಎಣ್ಣೆ ತರಲು ನನ್ನನ್ನು ಕಳಿಸಿದಳು. ಹಿತ್ತಾಳೆ ಪಾತ್ರೆಗೆ ಹಿಡಿಯಿರಲಿಲ್ಲ, ಸೊಂಟದ ಮೇಲೆ ಹೊತ್ತು ತರಬೇಕು. ಅದು ಬೇಡವೆನಿಸಿ, ಖಾಲಿಯಾಗಿದ್ದ ನೀಲಿ ಕ್ಯಾನನ್ನು ಸೀಗೆಪುಡಿ ಹಾಕಿ ತೊಳೆದುಕೊಂಡು ಹೊರಟೆ. ಮಂಜ ನನ್ನ ಲಂಗದ ಚುಂಗು ಹಿಡಿದು ಹಿಂದೆ ಬಂದ. ಹಬ್ಬದ ಗದ್ದಲದಲ್ಲಿ ಅಂಗಡಿಯವನು ನೋಡದೆ ತುಂಬಿಸಿಬಿಟ್ಟ. ಮನೆಗೆ ಬಂದವಳೇ ಅದನ್ನು ಹಿತ್ತಾಳೆ ಪಾತ್ರೆಗೆ ಸುರಿದು ಸುಮ್ಮನಾದೆ.

ಮೊದಲ ಕಜ್ಜಾಯ ಬೇಯುತ್ತಿದ್ದಂತೆ ಮನೆಯೆಲ್ಲ ನಾರಿತು. "ಯಾರೇ ಆ ಕ್ಯಾನು ತಕ್ಕೊಂಡೋಗಿದ್ದು? ವರ್ಸದ್ ಹಬ್ಬದಲ್ಲಿ ಇಂಗಾ ಮಾಡೋದು?" ಎಂದು ಅಜ್ಜಿ ಕೂಗಿದಳು. ಅಪ್ಪ ಎದ್ದು ಬಂದ. ನನ್ನ ಬಾಯಿಂದ ಬಂದದ್ದು "ಮಂಜ." ಬಾಯಿ ತುಂಬ ಬೆಲ್ಲ ಇಟ್ಟುಕೊಂಡಿದ್ದ ಅವನು ನನ್ನ ಮುಖವನ್ನೇ ನೋಡಿದ. ತಾಯಿಯಿಲ್ಲದ ಹುಡುಗ ಕೈಮೀರುತ್ತಿದ್ದಾನೆಂದು ಅಪ್ಪ ಅವನನ್ನು ಸೋದರಮಾವನ ಮನೆಗೆ ಬಿಟ್ಟುಬಂದ. ಕೆಲವು ದಿನ ಅಂದುಕೊಂಡದ್ದು ವರ್ಷಗಳಾದವು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ನಾನು ಮನೆ ನೋಡಿಕೊಂಡೆ. ನಿಜ ಹೇಳಬೇಕೆಂದು ಎಷ್ಟೋ ಸಲ ಅಪ್ಪನ ಮುಂದೆ ಹೋಗಿ ನಿಂತು, ನೀರು ಕೊಟ್ಟು ಬಂದಿದ್ದೇನೆ. ಅಜ್ಜಿ ಸತ್ತಾಗ ಮಣ್ಣಿಗೆ ಬಂದ ಮಂಜ ನೆಂಟನ ಹಾಗೆ ಜಗುಲಿಯಲ್ಲಿ ಕುಳಿತು, ಅಂದೇ ಹೊರಟ.

ಈಗ ಅವನ ಮನೆ ಹೆಬ್ಬಾಳದಲ್ಲಿದೆ. ಮೊನ್ನೆ ಭಾನುವಾರ ಮಗಳ ಜೊತೆ ಸ್ಟೀಲ್ ಡಬ್ಬಗಳನ್ನು ಹಿಡಿದು ಅಂಗಡಿಗೆ ಬಂದ. "ಮೂಸಿ ನೋಡಕ್ಕಾ, ಈ ಸಲ ಸೀಮೆಎಣ್ಣೇದು ತಂದಿಲ್ಲ!" ಎಂದು ತಾನೇ ನಕ್ಕ.

"ಅಪ್ಪ ನಿಜ್ವಾಗ್ಲೂ ಹಂಗ್ ಮಾಡಿದ್ರಾ ಅತ್ತೆ?" ಎಂದಳು ಮಗಳು.

"ಮಾಡಿದೀನಿ ಕಣೇ. ಆ ಕ್ಯಾನು ಹೊತ್ತು ಕೈಯೆಲ್ಲ ಕೆಂಪಾಗಿತ್ತು, ಈಗ್ಲೂ ಗ್ಯಾಪ್ಕ ಇದೆ. ನಿಮ್ಮತ್ತೆ ಬೇಡ ಬೇಡ ಅಂದ್ಲು. ನಾನೇ ಕೇಳ್ಲಿಲ್ಲ."

ಕೆಂಪಾಗಿದ್ದು ನನ್ನ ಕೈ. ನಾನು ಬೇಡ ಅನ್ನಲೇ ಇಲ್ಲ. ಎಲ್ಲರೂ ಹೇಳಿ ಹೇಳಿ, ಆ ತಪ್ಪು ಅವನ ಕೈಗೇ ನೆನಪಾಗಿ ಕುಳಿತಿದೆ. ಈಗ ಅದನ್ನು ಕಿತ್ತರೆ, ಮಾವನ ಮನೆಯಲ್ಲಿ ಕಳೆದ ಅಷ್ಟು ವರ್ಷಗಳಿಗೆ ಅವನು ಏನು ಕಾರಣ ಹೇಳಿಕೊಳ್ಳಬೇಕು? ಹುಡುಗಿ ಉತ್ತರಕ್ಕೆ ಕಾಯುತ್ತಿದ್ದಳು.

"ಹೌದು ಮರಿ. ಆಗ ತುಂಬ ಚಿಕ್ಕೋನು ಅವ್ನು," ಅಂದೆ.

ಆ ಮನೆ ಇದ್ದ ಜಾಗದಲ್ಲಿ ಈಗ ಯಾರದೋ ಮೂರಂತಸ್ತಿನ ಕಟ್ಟಡ. ಅಪ್ಪ ಇಲ್ಲ, ಅಜ್ಜಿ ಇಲ್ಲ. ಅಲ್ಲಿ ಬಾಳಿದವರಲ್ಲಿ ಉಳಿದವರು ನಾವಿಬ್ಬರೇ. "ಬರ್ತೀವಕ್ಕಾ" ಎಂದು ಮಂಜ ಮಗಳ ಕೈ ಹಿಡಿದು ಮೆಟ್ಟಿಲಿಳಿದ. ರಸ್ತೆ ದಾಟುವವರೆಗೂ ಅವನು ಅವಳಿಗೆ ಆ ಮನೆಯ ಬಗ್ಗೆಯೇ ಏನೋ ಹೇಳುತ್ತಿದ್ದ.