ಜೆರಾಕ್ಸ್ ಅಕ್ಕನ ಒಂದು ಹಿಡಿ ಲೆಕ್ಕ

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಜೆರಾಕ್ಸ್ ಅಕ್ಕನನ್ನು ಅರಿಯದವರಿಲ್ಲ. ಅರ್ಜಿ ತುಂಬಲು ಬಾರದವರಿಗೆ ತುಂಬಿ ಕೊಡುತ್ತಾಳೆ, ಫೋಟೊ ಓರೆಯಾಗಿ ಅಂಟಿಸಿದವರನ್ನು ಗದರುತ್ತಾಳೆ. ಅಂಗಡಿಯಲ್ಲಿ ಒಂದು ಜೆರಾಕ್ಸ್ ಯಂತ್ರ, ಒಂದು ಮುದಿ ಕಂಪ್ಯೂಟರ್, ಅದರ ಪರದೆಗೆ ಎದುರಾಗಿ ಅವಳ ಅತ್ತೆಯ ಕುರ್ಚಿ. ಅಂಗಡಿಯ ಕೆಲಸದ ನಡುವೆಯೇ ಆ ಕಂಪ್ಯೂಟರ್ ಬೇರೆ ಯಾರದೋ ಲೆಕ್ಕ ಮಾಡುತ್ತಿರುತ್ತದೆ. ಇಲ್ಲದ ಉಸಾಬರಿ ಎನ್ನುತ್ತೀರಾ? ಸ್ವಲ್ಪ ತಡೆಯಿರಿ.

ಅತ್ತೆ ನಲವತ್ತು ವರ್ಷ ಕಸೂತಿ ಹಾಕಿದವರು. ಈಗ ಕೈ ನಡುಕ. ಸೂಜಿ ಹಿಡಿದರೆ ಸೂಜಿಯೇ ಕುಣಿಯುತ್ತದೆ. ಆ ನಡುಕಕ್ಕೆ ಔಷಧಿ ಹುಡುಕುವ ಸಂಶೋಧಕರು ಬೆಟ್ಟದಷ್ಟು ಲೆಕ್ಕವನ್ನು ಚೂರು ಚೂರು ಮಾಡಿ, ಸಹಾಯಕ್ಕೆ ಒಪ್ಪಿದವರ ಕಂಪ್ಯೂಟರುಗಳಿಗೆ ಹಂಚುತ್ತಾರೆಂದು ತಿಳಿದ ದಿನವೇ ಅಕ್ಕ ಹೆಸರು ಕೊಟ್ಟಳು.

“ನಮ್ದೂ ಒಂದು ಹಿಡಿ ಇರ್ಲಿ ಅತ್ತೆ,” ಎಂದಳು. ಅತ್ತೆಯ ಮುಖ ಅರಳಿತು.

ತಾಪತ್ರಯ ಇದ್ದದ್ದು ಗಡುವಿನಲ್ಲಿ. ಒಂದು ಚೂರಿಗೆ ಏಳು ದಿನ ಕೊಡುತ್ತಿದ್ದರು. ಈ ಯಂತ್ರ ಒಂಬತ್ತು ದಿನ ಎಳೆಯುತ್ತಿತ್ತು. ತಡವಾದದ್ದು ಕಸದ ಬುಟ್ಟಿಗೆ. ಒಂದು ವರ್ಷವಾದರೂ ಒಂದೂ ದಡ ಮುಟ್ಟಲಿಲ್ಲ. ಅತ್ತೆ ಪ್ರತಿ ಸಲ, “ನಮ್ದು ಹೋಯ್ತೇನೇ?” ಎಂದು ಕೇಳುವರು. “ಹೋಯ್ತು ಅತ್ತೆ, ತಗೊಂಡ್ರು,” ಎಂದು ಅಕ್ಕ ಕಣ್ಣು ತಪ್ಪಿಸುವಳು. ಊರನ್ನೆಲ್ಲ ಗದರುವ ಹೆಂಗಸಿಗೆ ಈ ಒಂದು ಸುಳ್ಳು ಹೇಳಿ ಹೇಳಿ ಸಾಕಾಗಿತ್ತು. ಒಂದೇ ಒಂದು ಲೆಕ್ಕ ಹೊತ್ತಿಗೆ ಸರಿಯಾಗಿ ಹೋಗಿ ಅದು ನಿಜವಾದರೆ ಸಾಕಿತ್ತು.

“ಅದ್ಯಾಕೆ ಇಡೀ ದಿನ ಕರಕರ ಅನ್ನತ್ತೆ ಅದು?” ಎಂದರು ಅತ್ತೆ ಒಂದು ಬೆಳಗ್ಗೆ.

“ಬೇಕಾದ್ದನ್ನೆಲ್ಲ ಹಾರ್ಡ್ ಡಿಸ್ಕಿಂದ ಹುಡುಕಿ ತರತ್ತೆ ಅತ್ತೆ. ಮೆಮೊರೀಲಿ ಜಾಗ ಸಾಲ್ದು.”

“ಅಂದ್ರೆ ಒಂದೊಂದು ಹೊಲಿಗೆಗೂ ಎದ್ದು ಹೋಗಿ ಬೀರು ತೆಗೆಯತ್ತೆ ಅನ್ನು. ನಾನು ನೂಲೆಲ್ಲ ಮಡಿಲಲ್ಲೇ ಹರವಿಕೊಂಡು ಕೂರ್ತಿದ್ದೆ. ಅದಕ್ಕೂ ದೊಡ್ಡ ಮಡಿಲು ಕೊಡೇ.”

ಕಂಪ್ಯೂಟರ್ ರಿಪೇರಿ ಮಾಡುವ ಅವಳ ಸ್ವಂತ ತಮ್ಮ ಮರುದಿನವೇ ಬಂದ. ಕೆಟ್ಟುಹೋದ ಯಂತ್ರಗಳಿಂದ ಕಿತ್ತ ಎರಡು ಮೆಮೊರಿ ಪಟ್ಟಿಗಳನ್ನು ಒಳಗೆ ಸಿಕ್ಕಿಸಿದ. ಮೆಮೊರಿ ನಾಲ್ಕು ಪಟ್ಟಾಯಿತು. ಕರಕರ ಮಾತ್ರ ಒಂದು ಚೂರೂ ಕಡಿಮೆಯಾಗಲಿಲ್ಲ. ತಮ್ಮ ತಲೆ ಕೆರೆದುಕೊಂಡು, ಲೆಕ್ಕ ಮಾಡುವ ಸಾಫ್ಟ್‌ವೇರಿನ ಸೆಟ್ಟಿಂಗ್ ತೆರೆದು ನೋಡಿದ.

“ಹತ್ತು ಪರ್ಸೆಂಟ್ ಮೆಮೊರಿ ಮಾತ್ರ ಮುಟ್ಟಬೇಕು ಅಂತ ಇಟ್ಟೋರು ಯಾರು?”

ಅಕ್ಕ ನಾಲಿಗೆ ಕಚ್ಚಿಕೊಂಡಳು. ಗಿರಾಕಿಗಳ ಪ್ರಿಂಟು ನಿಧಾನವಾಗಬಾರದೆಂದು ಮೊದಲ ದಿನ ಅವಳೇ ಇಟ್ಟು, ಮರೆತಿದ್ದಳು.

“ಊಟಕ್ಕೆ ಕರೆದು ಹೊಸ್ತಿಲಲ್ಲೇ ಕೂರಿಸಿದ್ದೀಯಲ್ಲ ಅಕ್ಕ,” ಎಂದು ತಮ್ಮ ನಕ್ಕ. ಹತ್ತನ್ನು ಎಪ್ಪತ್ತೈದು ಮಾಡಿದ. ಸ್ವಲ್ಪ ಹೊತ್ತಿಗೆ ಕರಕರ ಅಡಗಿ, ಫ್ಯಾನಿನ ಸದ್ದು ಕೇಳತೊಡಗಿತು.

ಹೊಸ ಚೂರು ಬಂದ ಐದನೆಯ ದಿನ ಮಧ್ಯಾಹ್ನ ಲೆಕ್ಕ ಮುಗಿದು ಸಂಶೋಧಕರಿಗೆ ಹೋಯಿತು. ಅಕ್ಕ ಪರದೆ ನೋಡುತ್ತ ಗಿರಾಕಿಯ ಅರ್ಜಿಯನ್ನು ತಲೆಕೆಳಗಾಗಿ ಎರಡು ಸಲ ಜೆರಾಕ್ಸ್ ಮಾಡಿದಳು.

“ಅತ್ತೆ, ನಮ್ದು ಹೋಯ್ತು. ತಗೊಂಡ್ರು.”

“ಈ ಸಲ ನಿಜವಾಗ್ಲೂ ತಗೊಂಡ್ರು ಅನ್ನು.”

ಅಕ್ಕ ಪರದೆ ಬಿಟ್ಟು ಅತ್ತೆಯತ್ತ ತಿರುಗಿದಳು. “ನಿಮ್ಗೆ ಗೊತ್ತಿತ್ತಾ?”

“ಪರದೆ ಮೇಲಿನ ಅಕ್ಷರ ಓದೋಕೆ ನಂಗೆ ಬರಲ್ಲ ಕಣೇ. ನಲವತ್ತು ವರ್ಷ ನೂಲು ಆರಿಸಿದವಳಿಗೆ ಬಣ್ಣ ಗೊತ್ತಾಗಲ್ವಾ? ಲೆಕ್ಕ ಮುಗಿದಾಗ ಬರೋ ಆ ಸಾಲು ಪ್ರತಿ ಸಲ ಕೆಂಪಗಿರ್ತಿತ್ತು. ಇವತ್ತು ಹಸಿರು.”

“ಮತ್ತೆ ಯಾಕೆ ಕೇಳ್ತಾನೇ ಇದ್ರಿ?”

“ಕೇಳದೇ ಇದ್ದಿದ್ರೆ ನೀನು ಬಿಟ್ಟುಬಿಡ್ತಿದ್ದೆ.”

ಅಕ್ಕ ಆ ನಡುಗುವ ಕೈಗಳನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಅರ್ಜಿಯವನು ಪಾಪ, ತಲೆಕೆಳಗಾದ ಎರಡು ಪ್ರತಿ ಹಿಡಿದು ಕಾದ.